ಬಾಗಿಲು ಯಾವ ಕಡೆಗೆ

ಹಿರಿಯ ಸೊಸೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಅತ್ತೆ ಮುಖ ತಿರುಗಿಸದೆ ಹೇಳುತ್ತಿದ್ದರು, "ಕಪ್ಪೆ ಬಾಣಂತನಕ್ಕೆ ಹೋಗಿದಾಳೆ." ಕೇಳಿದವರು ನಗುತ್ತಿದ್ದರು. ಸೊಸೆಯೂ ನಗುತ್ತಿದ್ದಳು, ಯಾಕೆಂದರೆ ಮಾತು ಪೂರಾ ಸುಳ್ಳಲ್ಲ. ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತು, ಕಪ್ಪೆಯ ಮೊಟ್ಟೆಗಳಿಗೆ ಗಾಜಿನ ಸೂಜಿ ಚುಚ್ಚುವುದೇ ಅವಳ ಕೆಲಸ. ಆ ಕೆಲಸಕ್ಕೆ ಡಾಕ್ಟರೇಟು ಬೇರೆ ಇದೆ ಎನ್ನುವುದು ಅತ್ತೆಗೆ ಇನ್ನೂ ದೊಡ್ಡ ತಮಾಷೆ.

ಮನೆಯಲ್ಲಿ ಆ ನಗು ನಿಂತದ್ದು ಕಿರಿಯ ಸೊಸೆಯ ಮಗಳು ಎಡವತೊಡಗಿದ ಮೇಲೆ.

ಮಗುವನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಅಂಥದ್ದು ಸಮತಟ್ಟಾದ ನೆಲದ ಮೇಲೆ, ಕಾಲಿಗೆ ಅಡ್ಡ ಏನೂ ಇಲ್ಲದೆ, ದೊಪ್ಪೆಂದು ಬೀಳತೊಡಗಿತು. ಮೊದಮೊದಲು ಬೈದರು. ಕಣ್ಣನ್ನೇನು ಗೂಟಕ್ಕೆ ನೇತುಹಾಕಿದ್ದೀಯಾ ಎಂದರು. ಆಮೇಲೆ ಒಂದು ಕಣ್ಣಿನ ರೆಪ್ಪೆ ಜೋತುಬಿತ್ತು. ದನಿ ಒಡಕು ಪೀಪಿಯ ಹಾಗಾಯಿತು. ಅನ್ನ ನುಂಗಲು ಕತ್ತು ಮುಂದಕ್ಕೆ ಚಾಚಬೇಕಾಯಿತು. ಆಮೇಲೆ ಬೈಯುವ ಬಾಯಿ ಆ ಮನೆಯಲ್ಲಿ ಉಳಿಯಲಿಲ್ಲ.

ಗುಬ್ಬಿಯ ತಾಯಿ ಟೈಲರ್. ಮನೆಯ ಕೆಳಗಿನ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ತಂದೆ ಲಾರಿ ಓಡಿಸುತ್ತಿದ್ದ, ಮನೆಗಿಂತ ರಸ್ತೆಯ ಮೇಲೆಯೇ ಹೆಚ್ಚು ಇರುತ್ತಿದ್ದ. ಮಹಡಿಯ ಮೇಲೆ ಹಿರಿಯ ಸೊಸೆ ಮತ್ತು ಅವಳ ಗಂಡ. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಗುಬ್ಬಿಗೆ ಹೆತ್ತವಳೊಬ್ಬಳು, ಮೇಲಿನ ಮನೆಯ ದೊಡ್ಡಮ್ಮ ಒಬ್ಬಳು. ಕಥೆ ಆ ದೊಡ್ಡಮ್ಮನದು. ನಾವೂ ಹಾಗೇ ಕರೆಯೋಣ.

ಆಸ್ಪತ್ರೆಗಳನ್ನು ಸುತ್ತಿದ ಕಥೆ ಹೇಳಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಒಬ್ಬರು ನರ ಎಂದರು, ಒಬ್ಬರು ಮಾಂಸಖಂಡ ಎಂದರು, ಒಬ್ಬರು ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಎಂದರು. ಕೊನೆಗೆ ದೊಡ್ಡಮ್ಮನೇ ತಾಯಿ, ತಂದೆ, ಮಗು ಮೂವರ ರಕ್ತವನ್ನು ತನ್ನ ಕಟ್ಟಡಕ್ಕೆ ತಂದು, ಜೀನುಗಳನ್ನು ಓದುವವರ ಕೈಗೆ ಕೊಟ್ಟಳು. ಅವರು ಜರಡಿ ಹಿಡಿದು ಹಿಡಿದು ಒಂದು ಜೀನನ್ನು ಮೇಜಿನ ಮೇಲೆ ಇಟ್ಟರು. ಅದರ ಒಂದು ಪ್ರತಿ ಅಪ್ಪನಿಂದ ಬರುತ್ತದೆ, ಒಂದು ಅಮ್ಮನಿಂದ. ಗುಬ್ಬಿಗೆ ಎರಡೂ ಮುರಿದವೇ ಬಂದಿದ್ದವು.

ಜೀನು ಸಿಕ್ಕಿತು ಎಂದರೆ ರೋಗ ಸಿಕ್ಕಿತು ಎಂದಲ್ಲ. ನಮ್ಮ ಮೈಯ ಒಂದೊಂದು ಜೀವಕೋಶವೂ ಒಂದು ಮನೆ. ಅದರ ಗೋಡೆ ಎಣ್ಣೆಯ ಪೊರೆ. ಗೋಡೆ ದಾಟಿ ಏನೇ ಹೋಗಬೇಕಾದರೂ ಅದಕ್ಕೊಂದು ಬಾಗಿಲು ಬೇಕು. ಸಕ್ಕರೆಗೆ ಒಂದು ಬಾಗಿಲು, ಉಪ್ಪಿಗೆ ಒಂದು, ಹೀಗೆ. ಗುಬ್ಬಿಯ ಮುರಿದ ಜೀನು ಅಂಥ ಒಂದು ಬಾಗಿಲನ್ನು ಮಾಡುವ ಜೀನು. ಅದರ ಆಕಾರ ನೋಡಿದರೆ ಬಾಗಿಲು ಎನ್ನುವುದು ಸ್ಪಷ್ಟ. ಆದರೆ ಯಾವ ವಸ್ತುವಿನ ಬಾಗಿಲು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾಗದೆ ಮಗುವಿಗೆ ಏನು ಕೊಡಬೇಕು ಎನ್ನುವುದೂ ಗೊತ್ತಾಗುವುದಿಲ್ಲ.

"ನಿಮ್ಮ ಮನೆ ಮಗು," ಎಂದರು ಪ್ರೊಫೆಸರ್. ಮೃದು ಮನುಷ್ಯ, ಕನ್ನಡಕ ಒರೆಸುತ್ತಲೇ ಮಾತಾಡುವವರು. "ಈ ಕೆಲಸ ಬೇರೆಯವರಿಗೆ ಕೊಡೋಣ ಅಂತಿದ್ದೆ. ಮನಸ್ಸು ಅಡ್ಡ ಬರುತ್ತೆ."

"ಬೇರೆಯವರಿಗೆ ಕೊಟ್ಟರೆ ನಾನು ನಾಳೆಯಿಂದ ಬರಲ್ಲ," ಎಂದಳು ದೊಡ್ಡಮ್ಮ.

"ಕೋಪ ಯಾಕೆ? ಮಾತಿಗೆ ಹೇಳಿದೆ."

"ನಾನು ಮಾತಿಗೆ ಹೇಳ್ತಿಲ್ಲ ಸರ್."

ಕೆಲಸ ಅವಳಿಗೇ ಬಂತು.

ಕೆಲಸ ಹೀಗೆ. ಕಪ್ಪೆಯ ಮೊಟ್ಟೆ ಸಾಸಿವೆಗಿಂತ ತುಸು ದೊಡ್ಡದು, ಅರ್ಧ ಕಪ್ಪು, ಅರ್ಧ ಕೆನೆಬಣ್ಣ. ಮನುಷ್ಯನ ಜೀನಿನ ಆಜ್ಞೆಯನ್ನು ಹೊತ್ತ ಅಣುವನ್ನು ಹನಿ ನೀರಿನಲ್ಲಿ ಕರಗಿಸಿ ಅದರೊಳಗೆ ಚುಚ್ಚಿದರೆ, ಪಾಪದ ಮೊಟ್ಟೆ ಎದುರು ಮಾತಾಡದೆ ಮನುಷ್ಯನ ಬಾಗಿಲನ್ನು ಕಟ್ಟಿ ತನ್ನ ಗೋಡೆಗೆ ಕೂರಿಸಿಕೊಳ್ಳುತ್ತದೆ. ಆಮೇಲೆ ಮೊಟ್ಟೆಯನ್ನು ಒಂದೊಂದೇ ವಸ್ತುವಿನ ನೀರಿನಲ್ಲಿ ನೆನೆಸಬೇಕು. ಆ ವಸ್ತುವಿಗೆ ವಿಕಿರಣದ ಗುರುತು ಹಚ್ಚಿರುತ್ತಾರೆ. ಮೊಟ್ಟೆಯನ್ನು ಎತ್ತಿ, ಮಂಜಿನಂಥ ತಣ್ಣೀರಿನಲ್ಲಿ ಜಾಲಿಸಿ, ಒಡೆದು, ಎಣಿಸುವ ಯಂತ್ರದಲ್ಲಿಟ್ಟರೆ ಒಳಗೆಷ್ಟು ಹೋಗಿದೆ ಎಂದು ಯಂತ್ರ ಹೇಳುತ್ತದೆ. ಪಕ್ಕದಲ್ಲಿ ಬರೀ ನೀರು ಚುಚ್ಚಿದ ಮೊಟ್ಟೆಯೂ ಇರಬೇಕು. ಅದಕ್ಕೂ ಇದಕ್ಕೂ ವ್ಯತ್ಯಾಸ ಕಂಡರೆ ಬಾಗಿಲು ಆ ವಸ್ತುವಿನದು.

ಈ ಕಸುಬಿನವರೆಲ್ಲ ಮಾಡುವುದು ಹೀಗೇ. ನೆನೆಸು, ತೊಳೆ, ಒಡೆ, ಎಣಿಸು. ಒಳಗೆ ಎಷ್ಟು ಹೋಯಿತು ಎಂದೇ ನೋಡುವುದು. ಗುರುಗಳು ಹಾಗೆ ಕಲಿಸಿದರು, ಇವರು ಹಾಗೆ ಕಲಿತರು, ಮುಂದಿನವರಿಗೂ ಹಾಗೇ ಕಲಿಸಿದರು.

ಮೊಟ್ಟೆ ಕೊಡುವವನು ಕಪ್ಪೆಗಳ ತೊಟ್ಟಿ ನೋಡಿಕೊಳ್ಳುವ ಆಳು. ಅವನಿಗೆ ಎಲ್ಲರೂ ಕಪ್ಪೆರಾಯ ಎನ್ನುತ್ತಿದ್ದರು. ದೊಡ್ಡಮ್ಮ ಬೆಳಗಾಗುತ್ತಲೇ ಅವನ ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಮತ್ತೆ ಬಂದ್ರಾ," ಎನ್ನುತ್ತಿದ್ದ. "ನಿಮ್ಮ ನೆರಳು ಕಂಡ್ರೆ ನನ್ನ ಹುಡುಗಿಯರು ನೀರೊಳಗೆ ಮುಳುಗ್ತಾವೆ."

"ಹುಡುಗಿಯರಿಗೆ ಹೇಳು, ಇನ್ನೊಂದು ಸಲ ಅಷ್ಟೇ ಅಂತ."

"ನನ್ನ ಹೆಂಡ್ತಿನೂ ಹಾಗೇ ಹೇಳ್ತಾಳೆ, ಇನ್ನೊಂದು ಸೀರೆ ಅಷ್ಟೇ ಅಂತ."

ನಗಬೇಕಾದ ಜಾಗದಲ್ಲಿ ಅವಳು ನಗದೆ ಕೈ ಚಾಚುತ್ತಿದ್ದಳು. ಕಪ್ಪೆರಾಯನೂ ಬರಬರುತ್ತಾ ತಮಾಷೆ ಕಡಿಮೆ ಮಾಡಿದ.

ಸಕ್ಕರೆಗಳನ್ನು ನೋಡಿದಳು. ಅಮೈನೋ ಆಮ್ಲಗಳನ್ನು ನೋಡಿದಳು. ವಿಟಮಿನ್ನುಗಳು, ಲವಣಗಳು, ಹೆಸರು ಹೇಳಲು ನಾಲಿಗೆ ತಿರುಗದವು. ಯಾವುದಕ್ಕೂ ಬಾಗಿಲು ಅಲುಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ದಿನ ಹೋಗುತ್ತಿತ್ತು. ಸಂಜೆ ಮನೆಗೆ ಬಂದರೆ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಲ್ಲುತ್ತಿತ್ತು. ಓರಗಿತ್ತಿ ತಲೆ ಎತ್ತಿ ಒಂದೇ ಮಾತು ಕೇಳುತ್ತಿದ್ದಳು.

"ಸಿಕ್ತಾ ಅಕ್ಕಾ?"

"ಇಲ್ಲ."

ಯಂತ್ರ ಮತ್ತೆ ಓಡುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯುತ್ತಿರಲಿಲ್ಲ. ಅದೇ ದೊಡ್ಡಮ್ಮನಿಗೆ ಮುಳ್ಳಾಗಿತ್ತು. ಗುಬ್ಬಿ ಬಟ್ಟೆಯ ಚೂರುಗಳ ರಾಶಿಯ ಮೇಲೆ ಒರಗಿ, ಜೋತ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದುಕೊಂಡು ದೊಡ್ಡಮ್ಮನನ್ನು ನೋಡುತ್ತಿತ್ತು.

ಕೊನೆಗೊಂದು ದಿನ ಹುಳಿಯ ಸರದಿ ಬಂತು. ಹುಳಿ ಎಂದರೆ ಹಣ್ಣುಗಳಲ್ಲಿರುವ ಒಂದು ಆಮ್ಲ. ಅದಕ್ಕೆ ಉದ್ದ ಹೆಸರಿದೆ, ಲ್ಯಾಬಿನಲ್ಲಿ ಎಲ್ಲರೂ ಹುಳಿ ಎಂದೇ ಅನ್ನುತ್ತಿದ್ದರು. ನಮ್ಮ ಜೀವಕೋಶಗಳೂ ಅನ್ನ ಸುಡುವಾಗ ಅದನ್ನು ತಾವೇ ಮಾಡಿಕೊಳ್ಳುತ್ತವೆ. ಯಾವ ಆಸೆಯೂ ಇಲ್ಲದೆ ನೆನೆಸಿದಳು, ತೊಳೆದಳು, ಒಡೆದಳು, ಯಂತ್ರಕ್ಕಿಟ್ಟಳು. ಅಂಕಿ ನೋಡಿ ಯಂತ್ರ ಕೆಟ್ಟಿದೆ ಎಂದುಕೊಂಡಳು. ಪಕ್ಕದ ನೀರಿನ ಮೊಟ್ಟೆಯನ್ನಿಟ್ಟಳು, ಖಾಲಿ. ಮತ್ತೆ ಮೊದಲಿನದ್ದನ್ನು ಇಟ್ಟಳು, ತುಂಬಿ ತುಳುಕುತ್ತಿದೆ. ಆಮೇಲೆ ಗುಬ್ಬಿಯ ಮುರಿದ ಜೀನು ಚುಚ್ಚಿದ ಮೊಟ್ಟೆಯನ್ನಿಟ್ಟಳು. ಅದೂ ಖಾಲಿ. ದೊಡ್ಡಮ್ಮ ಕುರ್ಚಿ ಇದ್ದರೂ ನೆಲದ ಮೇಲೆ ಕೂತಳು.

ಪ್ರೊಫೆಸರ್ ಓಡಿ ಬಂದರು, ಕನ್ನಡಕ ಕೈಯಲ್ಲೇ ಇತ್ತು. "ಯಾರ ಹತ್ರಾನೂ ಬಾಯಿ ಬಿಡಬೇಡಿ. ಬೇರೆಯವರೂ ಇದರ ಹಿಂದೆ ಬಿದ್ದಿದಾರೆ. ಇನ್ನೂ ಎಷ್ಟೋ ಅಳೆಯೋದಿದೆ. ಯಾವ ವೇಗ, ಯಾವುದರ ಬಲದಿಂದ ದೂಡುತ್ತೆ, ಅದೆಲ್ಲ ಆಗಲಿ."

"ಆಗಲಿ ಸರ್," ಎಂದಳು. ಮನೆಗೆ ಹೋದವಳೇ ಬಾಯಿ ಬಿಟ್ಟಳು. ತಿಂಗಳುಗಟ್ಟಲೆ ಇಲ್ಲ ಇಲ್ಲ ಎಂದ ನಾಲಿಗೆಗೆ ಒಮ್ಮೆ ಸಿಕ್ತು ಎನ್ನಬೇಕಾಗಿತ್ತು. ತಪ್ಪೆನ್ನಿ, ಸರಿಯೆನ್ನಿ, ಅವಳ ಜಾಗದಲ್ಲಿ ನಿಂತು ಅನ್ನಿ.

ಓರಗಿತ್ತಿ ಓದಿದವಳಲ್ಲ, ಆದರೆ ಕತ್ತರಿಯಷ್ಟೇ ಚುರುಕು. "ಹುಳಿ ಒಳಗೆ ಹೋಗೋ ಬಾಗಿಲು. ನಮ್ಮ ಗುಬ್ಬಿದು ಮುರಿದಿದೆ. ಅಂದ್ರೆ ಒಳಗೆ ಹುಳಿ ಇಲ್ಲ. ಅದಕ್ಕೇ ಮಗು ಹೀಗಿದೆ."

"ಹಾಗೇ ಕಾಣುತ್ತೆ."

"ಜಾಸ್ತಿ ಕೊಟ್ಟರೆ?"

"ಹುಳಿನ ಒಳಕ್ಕೆ ಎಳೆಯೋ ಬೇರೆ ಸಣ್ಣ ಬಾಗಿಲುಗಳೂ ಇವೆ. ಅದು ಮೊದಲಿಂದಾನೂ ಗೊತ್ತಿರೋದು. ಜಾಸ್ತಿ ಕೊಟ್ಟರೆ ಅವುಗಳಿಂದ ಒಂದಿಷ್ಟು ನುಸುಳಬಹುದು."

ಮಕ್ಕಳ ಡಾಕ್ಟರನ್ನು ಕೇಳಿದರು. ಅವರು ರಕ್ತ ತೆಗೆದು ನೋಡಿದರು. ಗುಬ್ಬಿಯ ರಕ್ತದಲ್ಲಿ ಹುಳಿ ನಿಜವಾಗಿಯೂ ಕಡಿಮೆ ಇತ್ತು. ಮತ್ತೇನು ಬೇಕು? ಕುರುಡನ ಕೈಗೆ ಕೋಲು ಸಿಕ್ಕ ಹಾಗಾಯಿತು. "ಹಣ್ಣಲ್ಲಿರೋ ವಸ್ತು, ಕೊಡಿ, ಏನೂ ಆಗಲ್ಲ," ಎಂದರು ಡಾಕ್ಟರ್. ಹುಳಿಯ ಪುಡಿ ಡಬ್ಬಿಯಲ್ಲಿ ಮನೆಗೆ ಬಂತು. ಸಕ್ಕರೆ ನೀರಿಗೆ ಕದಡಿ ಕೊಟ್ಟರೆ ಗುಬ್ಬಿ ಮೂತಿ ಚುಕ್ಕಿಯಷ್ಟು ಮಾಡಿಕೊಂಡು ಕುಡಿಯಿತು. ಇನ್ನೂ ಬೇಕೆಂದಿತು.

ಮೊದಲ ವಾರ ಮನೆಗೆ ಬೆಳಕು ಬಂದಂತಿತ್ತು. ಗುಬ್ಬಿ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿ ಬಂತು. ಅಜ್ಜಿಯ ಹಲ್ಲಿನ ಸೆಟ್ಟನ್ನು ಬಚ್ಚಿಟ್ಟು ಆಟ ಆಡಿಸಿತು. ಅತ್ತೆ ಬೊಚ್ಚು ಬಾಯಲ್ಲಿ, "ಕಪ್ಪೆ ಬಾಣಂತನ ಮಾಡಿದ್ದಕ್ಕೆ ಫಲ ಬಂತು ನೋಡು," ಎಂದರು. ಓರಗಿತ್ತಿ ಅಳತೆ ಕೂಡ ತೆಗೆಯದೆ ದೊಡ್ಡಮ್ಮನಿಗೊಂದು ರವಿಕೆ ಹೊಲಿದು ಅವಳ ಮಂಚದ ಮೇಲಿಟ್ಟಳು. ಕಣ್ಣಳತೆಯಲ್ಲೇ ಹೊಲಿದದ್ದು, ಮೈಗೆ ಅಂಟಿಸಿದ ಹಾಗೆ ಕೂತಿತು. ದೊಡ್ಡಮ್ಮ ಅದನ್ನು ಹಾಕಿಕೊಂಡು ಬಸ್ಸಿನಲ್ಲಿ ಲ್ಯಾಬಿಗೆ ಹೋಗುವಾಗ, ನಿಂತೇ ಹೋದರೂ ಕೂತಷ್ಟು ಹಗುರವಾಗಿತ್ತು.

ಈ ಬಗೆಯ ಕಾಯಿಲೆಯಲ್ಲಿ ಮಗು ಒಂದೇ ಸಮನೆ ಕುಸಿಯುವುದಿಲ್ಲ, ನಡುನಡುವೆ ಚೇತರಿಸಿಕೊಳ್ಳುತ್ತಾ ಕುಸಿಯುತ್ತದೆ. ಅಪರೂಪಕ್ಕೆ ಬಂದ ಒಂದು ಒಳ್ಳೆಯ ವಾರ ಔಷಧಿಯ ಹೆಸರಿಗೆ ಜಮೆಯಾಗಿತ್ತು, ಅಷ್ಟೇ.

ಎರಡನೆಯ ವಾರಕ್ಕೆ ಗುಬ್ಬಿ ಮಧ್ಯಾಹ್ನವಾಗುತ್ತಲೇ ಕತ್ತು ಎತ್ತಲಾರದಾಯಿತು. ಕುಡಿದದ್ದು ಮೂಗಿನಿಂದ ಬರತೊಡಗಿತು. ಉಸಿರು ತೆಗೆಯುವಾಗ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು.

"ಸಾಲ್ತಿಲ್ಲ ಅನ್ಸುತ್ತೆ ಅಕ್ಕಾ," ಎಂದಳು ಓರಗಿತ್ತಿ. "ಸಣ್ಣ ಬಾಗಿಲು ಅಂದ್ಯಲ್ಲ. ಇನ್ನೊಂದು ಚಮಚ ಹಾಕ್ಲಾ?"

ದೊಡ್ಡಮ್ಮ ಮಗುವಿನ ಪಕ್ಕೆಯನ್ನೇ ನೋಡುತ್ತಿದ್ದಳು. "ಹಾಕು," ಎಂದಳು.

ಲ್ಯಾಬಿನಲ್ಲಿ ಅಳತೆಯ ಕೆಲಸ ನಡೆದಿತ್ತು. ಬಾಗಿಲುಗಳಲ್ಲೂ ಎರಡು ಜಾತಿ. ಕೆಲವಕ್ಕೆ ಎಂಜಿನ್ ಇರುತ್ತದೆ. ಅವು ಉಪ್ಪಿನ ಬಲದಿಂದಲೋ ಇನ್ನೊಂದರ ಬಲದಿಂದಲೋ ವಸ್ತುವನ್ನು ಒಂದೇ ದಿಕ್ಕಿಗೆ ಎಳೆದು ತುಂಬುತ್ತವೆ. ಕೆಲವಕ್ಕೆ ಎಂಜಿನ್ ಇರುವುದಿಲ್ಲ. ಹುಳಿಯ ಬಾಗಿಲಿಗೆ ಉಪ್ಪಿನ ಎಂಜಿನ್ ಇರಬಹುದು ಎಂದು ಪ್ರೊಫೆಸರ್ ಮೊದಲೇ ಪಂಥ ಕಟ್ಟಿದ್ದರು. ದೊಡ್ಡಮ್ಮ ಉಪ್ಪು ತೆಗೆದು ನೋಡಿದಳು. ಹುಳಿ ಮೊದಲಿನಷ್ಟೇ ಒಳಗೆ ಹೋಯಿತು. ಬೇರೆ ಬಲಗಳನ್ನೂ ಒಂದೊಂದಾಗಿ ತೆಗೆದಳು. ಆಗಲೂ ಅಷ್ಟೇ ಹೋಯಿತು.

"ಎಂಜಿನ್ನೇ ಇಲ್ಲ," ಎಂದು ಪ್ರೊಫೆಸರ್‌ಗೆ ಹೇಳಿದಳು.

"ಪಂಥ ಸೋತೆ," ಎಂದರು ಅವರು ನಗುತ್ತಾ. "ಒಳ್ಳೇದೇ ಆಯ್ತು ಬಿಡಿ. ಸರಳ ಬಾಗಿಲು. ಬರೆಯೋಕೂ ಸುಲಭ."

ದೊಡ್ಡಮ್ಮ ಹೊರಡಲು ಎದ್ದವಳು ಬಾಗಿಲ ಹತ್ತಿರ ನಿಂತಳು. "ಸರ್, ಎಂಜಿನ್ ಇಲ್ಲದ ಬಾಗಿಲು ಯಾವ ಕಡೆಗೆ ದೂಡುತ್ತೆ?"

"ಯಾವ ಕಡೆಗೂ ದೂಡಲ್ಲ. ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹರಿಯುತ್ತೆ, ಅಷ್ಟೇ. ಇದೇನು ಕೇಳ್ತಿದೀರಿ, ಮೊದಲನೇ ವರ್ಷದ ಮಕ್ಕಳಿಗೆ ನೀವೇ..."

ಅವರ ಮಾತು ಅರ್ಧಕ್ಕೇ ನಿಂತಿತು. ಕನ್ನಡಕ ಒರೆಸುವ ಕೈಯೂ ನಿಂತಿತು.

ನಾವು ಹೊರಗಿನ ನೀರಿಗೆ ಹುಳಿ ಹಾಕಿದೆವು, ಹೊರಗೆ ಹೆಚ್ಚಿತ್ತು, ಒಳಗೆ ಹೋಯಿತು. ಮಗುವಿನ ಜೀವಕೋಶ ಹುಳಿಯನ್ನು ತಾನೇ ಒಳಗೆ ಮಾಡುತ್ತದೆ. ಅಲ್ಲಿ ಒಳಗೇ ಹೆಚ್ಚಿರುತ್ತದೆ. ಇಬ್ಬರ ತಲೆಯಲ್ಲೂ ಅದೇ ಓಡುತ್ತಿತ್ತು.

ಅವಳು ಹೋಗಿ ಮೊಟ್ಟೆಗಳ ತಟ್ಟೆಯನ್ನು ಎಳೆದುಕೊಂಡಳು. ಈ ಸಲ ಹುಳಿಯನ್ನು ಹೊರಗಿನ ನೀರಿಗೆ ಹಾಕಲಿಲ್ಲ. ಸೂಜಿಯಲ್ಲಿ ತುಂಬಿ ಮೊಟ್ಟೆಯ ಒಳಗೇ ಚುಚ್ಚಿದಳು. ಈ ಕೆಲಸವನ್ನು ಯಾರೂ ಇಷ್ಟಪಡುವುದಿಲ್ಲ. ಚುಚ್ಚಿದ ತೂತಿನಿಂದ ಸೋರುತ್ತದೆ, ಮೊಟ್ಟೆ ಸಾಯುತ್ತದೆ, ಲೆಕ್ಕ ಹಾಳಾಗುತ್ತದೆ. ಅದಕ್ಕೇ ಕಸುಬಿನವರು ಇದರ ಗೋಜಿಗೆ ಹೋಗುವುದಿಲ್ಲ. ಬೇರೆ ದಿನವಾದರೆ ಅವಳೂ ಹೋಗುತ್ತಿರಲಿಲ್ಲ. ಸೋರಿದ ಮೊಟ್ಟೆಗಳನ್ನು ಎಸೆದಳು, ಗಟ್ಟಿ ನಿಂತವನ್ನು ಶುದ್ಧ ನೀರಿನಲ್ಲಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮೊಟ್ಟೆಯ ಬದಲು ಆ ನೀರನ್ನೇ ಎತ್ತಿ ಯಂತ್ರಕ್ಕಿಟ್ಟಳು.

ಕಟ್ಟೆ ಒಡೆದ ಹಾಗೆ ಹುಳಿ ಹೊರಗೆ ಬಂದಿತ್ತು.

ಗುಬ್ಬಿಯ ಮುರಿದ ಬಾಗಿಲಿನ ಮೊಟ್ಟೆ ಹುಳಿಯನ್ನು ಒಂದು ಹನಿ ಬಿಡದೆ ಹೊಟ್ಟೆಯಲ್ಲಿ ಹಿಡಿದುಕೊಂಡು ಕೂತಿತ್ತು.

ರಕ್ತದಲ್ಲಿ ಹುಳಿ ಯಾಕೆ ಕಡಿಮೆ ಇತ್ತು ಎನ್ನುವುದೂ ಈಗ ಹಗಲಿನಷ್ಟು ಸ್ಪಷ್ಟ. ಮಗುವಿಗೆ ಹುಳಿಯ ಕೊರತೆ ಇರಲಿಲ್ಲ. ಹುಳಿ ಹೊರಗೆ ಬರಲಾರದೆ ಒಳಗೇ ರಾಶಿ ಬಿದ್ದಿತ್ತು. ಅವರು ಚಮಚದ ಮೇಲೆ ಚಮಚ ಹಾಕಿ, ಸಣ್ಣ ಬಾಗಿಲುಗಳಿಂದ ಅದೇ ರಾಶಿಯ ಮೇಲೆ ಇನ್ನಷ್ಟು ಸುರಿದಿದ್ದರು.

ಪ್ರೊಫೆಸರ್ ಯಂತ್ರದ ಅಂಕಿಯನ್ನು ಬಹಳ ಹೊತ್ತು ನೋಡಿದರು. "ಒಂದು ಸಲದ್ದು ನಂಬೋಕಾಗಲ್ಲ. ಇನ್ನೊಂದು ಸಲ ಮಾಡಿ ನೋಡೋಣ."

"ನೀವು ಮಾಡಿ ಸರ್. ನಾನು ಮನೆಗೆ ಹೋಗ್ತೀನಿ."

"ಖಚಿತ ಆಗೋವರೆಗೂ ಹೇಳಬೇಡಿ. ಆ ತಾಯಿಗೆ ಏನಾಗಬೇಡ..."

"ಆವತ್ತು ಖಚಿತ ಆಗದೇ ಹೇಳಿದೆನಲ್ಲ ಸರ್. ಇವತ್ತೂ ಹಾಗೇ ಹೇಳ್ತೀನಿ."

ಮೆಟ್ಟಿಲಿಳಿಯುತ್ತಲೇ ಫೋನ್ ಮಾಡಿದಳು. ಓರಗಿತ್ತಿ ಎತ್ತಲಿಲ್ಲ. ಯಂತ್ರ ತುಳಿಯುವಾಗ ಅವಳಿಗೆ ಗುಡುಗು ಹೊಡೆದರೂ ಕೇಳಿಸದು. ಮತ್ತೆ ಮಾಡಿದಳು. ಕೊನೆಗೆ ಅತ್ತೆ ಎತ್ತಿದರು.

"ಗುಬ್ಬಿ ಎಲ್ಲಿ?"

"ಇಲ್ಲೇ ಇದೆ ಪಾಪ. ಕುಡಿದದ್ದು ಅರ್ಧ ಕಕ್ಕಿಬಿಡ್ತು. ಅದಕ್ಕೇ ಅವರಮ್ಮ ಮತ್ತೆ ಕದಡಿ ಕುಡಿಸ್ತಿದಾಳೆ."

"ನಿಲ್ಲಿಸೋಕೆ ಹೇಳಿ."

"ಏನು ನಿಲ್ಲಿಸೋದು?"

"ಕುಡಿಸೋದು. ಅತ್ತೆ, ಲೋಟ ಕಿತ್ಕೊಳ್ಳಿ. ಈಗಲೇ."

"ನಾನ್ಯಾಕೆ ಕಿತ್ಕೊಳ್ಳಲಿ, ಎದ್ದು ಹೋಗೋಕೆ ನನ್ನ ಮಂಡಿ ಕೇಳಬೇಕಲ್ಲ. ಏನಾಯ್ತೇ ನಿಂಗೆ?"

ಬಸ್ಸು ಎಲ್ಲ ನಿಲ್ದಾಣಗಳಲ್ಲೂ ನಿಂತಿತು. ದೊಡ್ಡಮ್ಮ ಕಂಬಿ ಹಿಡಿದು, ಮುಂದಿನವರ ಬೆನ್ನಿಗೆ ಹಣೆ ತಾಗುವಷ್ಟು ಬಾಗಿ ನಿಂತಿದ್ದಳು. ಹೇಗೆ ಹೇಳಬೇಕು ಎಂದು ಮಾತು ಜೋಡಿಸಿದಳು, ಜೋಡಿಸಿದ್ದು ಮುಂದಿನ ನಿಲ್ದಾಣಕ್ಕೇ ಉದುರಿಹೋಯಿತು.

ಮನೆಗೆ ಬಂದಾಗ ಲೋಟ ಖಾಲಿಯಾಗಿತ್ತು. ಗುಬ್ಬಿ ಒಳಕೋಣೆಯ ಹಾಸಿಗೆಯಲ್ಲಿ ಎರಡು ದಿಂಬಿಗೆ ಒರಗಿ ಮಲಗಿತ್ತು. ಓರಗಿತ್ತಿ ಕಾಲರಿಗೆ ಗುಂಡಿ ಹೊಲಿಯುತ್ತಿದ್ದಳು, ಬಾಯಲ್ಲಿ ದಾರ. ಹಾಡು ಹಗಲಲ್ಲಿ ಅಕ್ಕ ಬಂದದ್ದು ನೋಡಿ ದಾರ ತೆಗೆದಳು.

ದೊಡ್ಡಮ್ಮ ಕಪಾಟಿನಿಂದ ಹುಳಿಯ ಡಬ್ಬಿಯನ್ನು ಎತ್ತಿಕೊಂಡಳು. "ಇದನ್ನ ಇನ್ನು ಕೊಡಬೇಡ."

"ಯಾಕೆ? ಬೇರೆ ಪುಡಿ ಬಂತಾ?"

"ಇಲ್ಲ. ಇದು ತಪ್ಪು. ನಾವು ತಿಳ್ಕೊಂಡಿದ್ದು ತಲೆಕೆಳಗಾಯ್ತು. ಅದು ಹುಳಿ ಒಳಗೆ ಹೋಗೋ ಬಾಗಿಲಲ್ಲ, ಒಳಗಿಂದ ಹೊರಗೆ ಬರೋ ಬಾಗಿಲು. ಗುಬ್ಬಿ ಮೈಯಲ್ಲಿ ಹುಳಿ ಕಮ್ಮಿ ಇಲ್ಲ, ಕಟ್ಟಿಕೊಂಡು ಕೂತಿದೆ. ಕೊಟ್ಟಷ್ಟೂ ಇನ್ನೂ ಕಟ್ಟುತ್ತೆ."

ಓರಗಿತ್ತಿ ಸೂಜಿಯನ್ನು ಕಾಲರಿಗೆ ಚುಚ್ಚಿ ಇಟ್ಟಳು. "ಸಣ್ಣ ಬಾಗಿಲಿಂದ ಒಳಗೆ ಹೋಗುತ್ತೆ ಅಂದಿದ್ದೆ."

"ಹೋಗುತ್ತೆ. ಅದೇ ಆಗಿದ್ದು. ಒಳಗೆ ಹೋಗೋಕೆ ಬೇರೆ ದಾರಿ ಇದೆ, ಹೊರಗೆ ಬರೋಕೆ ಅದೊಂದೇ ಇತ್ತು."

"ಬಾಗಿಲು ಯಾವ ಕಡೆಗೆ ತೆರೆಯುತ್ತೆ ಅಂತ ನೋಡದೇ ನನ್ನ ಮಗೂಗೆ ಕುಡಿಸು ಅಂದ್ಯಾ?"

"ಹೂಂ."

"ಈಗ ನೋಡಿದೀಯಾ?"

"ನೋಡಿದೀನಿ. ಗೊತ್ತು."

"ಆವತ್ತೂ ಗೊತ್ತು ಅಂದಿದ್ದೆ."

ಮೂಲೆಯಲ್ಲಿ ಕೂತಿದ್ದ ಅತ್ತೆ, "ಹೋಗಲಿ ಬಿಡ್ರೇ, ಬೇಕು ಅಂತ ಮಾಡಿದ್ದಲ್ಲ," ಎಂದು ಶುರು ಮಾಡಿದರು. ಓರಗಿತ್ತಿ ಅತ್ತ ತಿರುಗಿಯೂ ನೋಡಲಿಲ್ಲ. ಎದ್ದು ಬಂದು ದೊಡ್ಡಮ್ಮನ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡಳು.

"ಕೊಡಲ್ಲ. ಮೊದಲನೇ ವಾರ ನಡೆದಿದ್ದು ಸುಳ್ಳಾ? ನಾನು ಕಣ್ಣಾರೆ ನೋಡಿದೀನಿ. ನಿನ್ನ ಕಪ್ಪೆ ಹೇಳಿದ್ದು ಕೇಳಬೇಕೋ, ನನ್ನ ಮಗಳ ಕಾಲು ಹೇಳಿದ್ದು ಕೇಳಬೇಕೋ? ನಾಳೆ ಇನ್ನೊಂದು ಕಪ್ಪೆ ಬಂದು ಇಲ್ಲ ಒಳಗೇ ಹೋಗುತ್ತೆ ಅಂದ್ರೆ?"

"ಆ ವಾರ ತಾನಾಗೇ ಬಂದಿತ್ತು. ಹಿಂದೆನೂ ಅಂಥ ವಾರ ಬಂದಿರಲಿಲ್ವಾ? ಪುಡಿ ಬರೋಕೆ ಮುಂಚೆ ಒಂದು ಸಲ ಗೇಟಿನವರೆಗೂ ಓಡಿತ್ತು, ನೀನೇ ಹೇಳಿದ್ದೆ."

ಓರಗಿತ್ತಿಗೆ ನೆನಪಿತ್ತು. ಆ ನೆನಪನ್ನು ತಂದದ್ದಕ್ಕೆ ಅವಳ ಕಣ್ಣಲ್ಲಿ ಕೆಂಡ ಬಂತು.

"ಸರಿ. ಹುಳಿ ಬೇಡ. ಮತ್ತೆ ಏನು ಕೊಡಲಿ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಕೊಡೋ ಅಂಥದ್ದು ಏನೂ ಇಲ್ಲ. ನಿಲ್ಲಿಸೋದೊಂದೇ. ಒಳಗೆ ಆಗೋ ಹುಳಿನ ಕಡಿಮೆ ಮಾಡೋಕೆ ಏನಾದ್ರೂ ದಾರಿ ಇದೆಯಾ ಅಂತ ಹುಡುಕಬೇಕು. ಅದು ನಾಳೆ ನಾಡಿದ್ದಿನ ಮಾತಲ್ಲ."

"ಗುಬ್ಬಿಗೆ ನಾಳೆ ನಾಡಿದ್ದು ಬಿಟ್ಟರೆ ಬೇರೆ ಏನಿದೆ ಅಕ್ಕಾ?"

ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಅವಳು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಸಿದಳು. ಮಾತು ತುಂಡು ತುಂಡಾಗಿ ಬರುತ್ತಿತ್ತು. "ಇಷ್ಟು ದಿನ ಬೆಳಗ್ಗೆ ಎದ್ದರೆ ಒಂದು ಕೆಲಸ ಇರ್ತಿತ್ತು. ಪುಡಿ ಅಳೀಬೇಕು, ಕದಡಬೇಕು, ಕುಡಿಸಬೇಕು. ಏನೋ ಮಾಡ್ತಿದೀನಿ ಅಂತ ಇರ್ತಿತ್ತು. ಇದನ್ನೂ ಕಿತ್ಕೊಂಡು ನನ್ನನ್ನ ಸುಮ್ಮನೆ ಕೂತು ನೋಡು ಅಂತೀಯಲ್ಲ. ನಾನು ಹೇಗೆ ನೋಡಲಿ?"

ದೊಡ್ಡಮ್ಮ ಅವಳ ಕಾಲ ಬಳಿ ಬಟ್ಟೆಯ ಚೂರುಗಳ ಮೇಲೆ ಕೂತಳು. ಕ್ಷಮಿಸು ಎನ್ನಲು ಹೋದಳು. ಆ ಮಾತು ಅವಳಿಗೇ ಅಗ್ಗ ಎನಿಸಿತು, ನುಂಗಿಕೊಂಡಳು.

"ಇವತ್ತು ಕೊಟ್ಟಿದ್ದು ಕೊನೇದಾಗಲಿ," ಎಂದಳು. "ಬೈಯಿ, ಹೊಡಿ, ಮಹಡಿಯಿಂದ ಓಡಿಸು. ಇನ್ನೊಂದು ಚಮಚ ಮಾತ್ರ ಹಾಕಬೇಡ. ನಿಂಗೆ ಕೈ ಮುಗೀತೀನಿ."

ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಓರಗಿತ್ತಿ ಡಬ್ಬಿಯನ್ನು ಮಡಿಲಿಂದ ತೆಗೆದು, ದೊಡ್ಡಮ್ಮನ ಕೈಗೆ ಕೊಡದೆ, ನೆಲದ ಮೇಲೆ ಇಬ್ಬರ ನಡುವೆ ಇಟ್ಟಳು.

"ನಾನು ಗುಬ್ಬಿಗೆ ಹೇಳಲ್ಲ. ಕಾಲಿಗೆ ಬಲ ಬರುತ್ತೆ ಅಂತ ಹೇಳಿ ಹೇಳಿ ಕುಡಿಸಿದೀನಿ. ನೀನೇ ಹೇಳು. ನಾನು ಕೇಳಿಸ್ಕೋತೀನಿ."

ಒಳಕೋಣೆಯಲ್ಲಿ ಗುಬ್ಬಿ ಎಚ್ಚರವಾಗಿತ್ತು. ದೊಡ್ಡಮ್ಮನನ್ನು ಕಂಡು ಬೆರಳಿನಿಂದ ರೆಪ್ಪೆ ಎತ್ತಿಕೊಳ್ಳಲು ನೋಡಿತು. ಕೈ ಅರ್ಧಕ್ಕೇ ಬಿತ್ತು. ದೊಡ್ಡಮ್ಮನೇ ತನ್ನ ಹೆಬ್ಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಕೆಳಗೆ ಕಣ್ಣು ಮೊದಲಿನಷ್ಟೇ ಚುರುಕಾಗಿ ಹೊಳೆಯುತ್ತಿತ್ತು.

"ಗುಬ್ಬೀ, ಹುಳಿನೀರು ಇನ್ಮೇಲೆ ಬೇಡ."

ಗುಬ್ಬಿ ಯೋಚಿಸಿತು. ತುಟಿ ಅಲುಗಿದ ಮೇಲೆ ಎಷ್ಟೋ ಹೊತ್ತಿಗೆ ದನಿ ಬಂತು. "ನಾನು ಕಕ್ಕಿದ್ದಕ್ಕಾ?"

"ಅಲ್ಲ ಕಂದಾ."

"ಇನ್ನು ಕಕ್ಕಲ್ಲ."

"ನಿನ್ನ ತಪ್ಪಲ್ಲ. ನಂದು. ನಾನು ಸರಿಯಾಗಿ ನೋಡ್ಲಿಲ್ಲ. ಅದು ನಿಂಗೆ ಒಳ್ಳೇದಲ್ಲ."

"ಅಮ್ಮ ಒಳ್ಳೇದು ಅಂದ್ಳು."

"ಅಮ್ಮಂಗೆ ನಾನೇ ಹಾಗೆ ಹೇಳಿದ್ದು."

ಮಗು ಉಸಿರು ತೆಗೆದುಕೊಂಡಿತು. ಪಕ್ಕೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. "ಹಾಗಾದ್ರೆ ನಾಳೆ ಏನು ಕುಡೀಲಿ?"

"ನೀರು."

"ನೀರು ಕುಡಿದ್ರೆ ವಾಸಿ ಆಗುತ್ತಾ?"

ದೊಡ್ಡಮ್ಮನ ಬಾಯಿ ತಾನಾಗಿಯೇ ಹೂಂ ಎನ್ನಲು ತೆರೆಯಿತು. ಮಕ್ಕಳು ಕೇಳಿದಾಗ ಯಾರ ಬಾಯಾದರೂ ಹಾಗೇ ತೆರೆಯುತ್ತದೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಓರಗಿತ್ತಿ ತಗ್ಗಿದ ದನಿಯಲ್ಲಿ ಹೇಳಿದಳು, "ಆಗುತ್ತೆ ಅನ್ನಬೇಡ ಅಕ್ಕಾ. ಇನ್ನೊಂದು ಸಲ ಅನ್ನಬೇಡ."

"ಗೊತ್ತಿಲ್ಲ ಗುಬ್ಬೀ," ಎಂದಳು ದೊಡ್ಡಮ್ಮ.

ಗುಬ್ಬಿ ಆ ಉತ್ತರವನ್ನು ಬಾಯಲ್ಲಿಟ್ಟುಕೊಂಡು ರುಚಿ ನೋಡಿದಂತಿತ್ತು. ಆಮೇಲೆ, "ಬಾಯಾರಿಕೆ," ಎಂದಿತು.

ದೊಡ್ಡಮ್ಮ ಲೋಟದಲ್ಲಿ ನೀರು ತಂದು ಚಮಚದಿಂದ ತುಟಿಗೆ ಹಿಡಿದಳು. ನೀರು ಕಟಬಾಯಿಯಿಂದ ಜಾರಿ ದಿಂಬಿಗೆ ಇಳಿಯಿತು. ಇನ್ನೊಂದು ಚಮಚ ಹಿಡಿದಳು, ಅದೂ ಜಾರಿತು. ಆಗ ಓರಗಿತ್ತಿ ಬಂದು, ದೊಡ್ಡಮ್ಮನ ಮುಖ ನೋಡದೆ, ಹಾಸಿಗೆಯ ಆ ಬದಿಯಲ್ಲಿ ಕೂತು ಮಗಳ ತಲೆಯನ್ನು ತನ್ನ ಎದೆಗೆ ಎತ್ತಿಕೊಂಡು ಗದ್ದವನ್ನು ಮುಂದಕ್ಕೆ ಬಾಗಿಸಿದಳು.

"ಈಗ ಹಾಕು," ಎಂದಳು. "ಸ್ವಲ್ಪವೇ."

ಇಬ್ಬರೂ ಮಗುವಿನ ಗಂಟಲನ್ನೇ ನೋಡುತ್ತಾ ಕಾದರು.